ಬಿಲ್ಲಿನ ಕೊನೆಯ ಸಾಲಿಗೆ ಹೆದರುತ್ತೇವೆ, ನಡುವಿನ ಸಾಲು ಓದುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ, ಬದಲಾಯಿಸುವುದಿಲ್ಲ.’ ಬಟ್ಟೆ ಅಂಗಡಿಯ ಬಿಲ್ಲಿನ ತಳದಲ್ಲಿ ಈ ಸಾಲು ಕೆಲವು ಕಡೆ ಅಚ್ಚಾಗಿರುತ್ತದೆ, ಕೆಲವು ಕಡೆ ರಬ್ಬರ್ ಸ್ಟ್ಯಾಂಪಾಗಿ ಬಿದ್ದಿರುತ್ತದೆ. ಮೊದಲ ಒಗೆತಕ್ಕೇ ಅಂಚಿನ ಬಣ್ಣ ಮೈಗೆ ಹತ್ತಿದ ಸೀರೆ, ಎರಡೇ ದಿನಕ್ಕೆ ಹೊಲಿಗೆ ಬಿಟ್ಟ ಪ್ಯಾಂಟು, ‘ಅಪ್ಪಟ ರೇಷ್ಮೆ’ ಎಂದು ಕೊಟ್ಟ ಪಾಲಿಯೆಸ್ಟರ್, ಯಾವುದನ್ನು ಹಿಂದಕ್ಕೆ ಒಯ್ದರೂ ಅಂಗಡಿಯವರು ಬೆರಳಿಟ್ಟು ತೋರಿಸುವುದು ಅದೇ ಸಾಲನ್ನು. ಗಿರಾಕಿ ಅದನ್ನು ಓದಿ, ತನ್ನದೇ ತಪ್ಪೇನೋ ಎಂಬಂತೆ ಮೆಟ್ಟಿಲಿಳಿಯುತ್ತಾರೆ. ದೋಷವಿರುವ ಬಟ್ಟೆಯ ಮಟ್ಟಿಗೆ ಆ ಸಾಲಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ.

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47), ಯಾವುವು ಅನುಚಿತ ವ್ಯಾಪಾರ ಪದ್ಧತಿ ಎಂದು ಪಟ್ಟಿ ಕೊಡುತ್ತದೆ. ಅದರಲ್ಲಿ ಎರಡು ಅಂಶ ಬಟ್ಟೆ ಕೊಳ್ಳುವವರಿಗೆ ಬಾಯಿಪಾಠ ಆಗಿರಬೇಕು. ಬಿಲ್ ಕೊಡದಿರುವುದು ಒಂದು. ದೋಷವಿರುವ ಮಾಲನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದು ಇನ್ನೊಂದು. ಎಷ್ಟು ದಿನದೊಳಗೆ? ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಅಷ್ಟು, ಬರೆದಿಲ್ಲದಿದ್ದರೆ 30 ದಿನ. ‘ವಾಪಸಿಲ್ಲ’ ಎಂಬುದು ಅವಧಿ ಅಲ್ಲವೇ ಅಲ್ಲ. ಕಾಯ್ದೆಯ ಮಾತು ಹಣ ಮರಳಿಸುವುದರ ಬಗ್ಗೆ ಇದೆ ಎಂಬುದನ್ನೂ ಗಮನಿಸಿ. ‘ದುಡ್ಡು ಕೊಡಲ್ಲ, ಆರು ತಿಂಗಳೊಳಗೆ ನಮ್ಮಲ್ಲೇ ಬೇರೆ ಏನಾದರೂ ತಗೊಳ್ಳಿ’ ಎಂದು ಕ್ರೆಡಿಟ್ ನೋಟ್ ಕೈಗಿಟ್ಟರೆ, ಮಾಲಿನಲ್ಲಿ ದೋಷ ಇದ್ದಾಗ ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಹಾಗೆಂದು ಕಾಯ್ದೆ ಕೊಡದೇ ಇರುವುದನ್ನು ಕೇಳಲು ಹೋಗಬಾರದು. ಮನೆಗೆ ಹೋದ ಮೇಲೆ ಬಣ್ಣ ಹಿಡಿಸಲಿಲ್ಲ, ಅತ್ತಿಗೆಯ ಹತ್ತಿರ ಅಂಥದ್ದೇ ಇದೆ, ಸೊಂಟಕ್ಕೆ ಬಿಗಿಯಾಯಿತು ಎಂಬುವು ದೋಷಗಳಲ್ಲ. ಅವಕ್ಕೆ ಬದಲಿ ಕೊಡುವುದು ಬಿಡುವುದು ಅಂಗಡಿಯವರ ಇಷ್ಟ. ಎಷ್ಟು ದಿನದೊಳಗೆ, ಟ್ಯಾಗ್ ಇರಬೇಕೇ, ರಿಯಾಯಿತಿ ಮಾಲಿಗೂ ಅನ್ವಯಿಸುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಆದರೆ ಕಾಯ್ದೆ ‘ದೋಷ’ ಎಂಬ ಮಾತಿಗೆ ಕೊಡುವ ಅರ್ಥ ನಾವು ಅಂದುಕೊಂಡಿದ್ದಕ್ಕಿಂತ ಅಗಲವಾಗಿದೆ. ಗುಣಮಟ್ಟ, ಪ್ರಮಾಣ, ಶುದ್ಧತೆಯಲ್ಲಿ ಕಾನೂನು ಹೇಳಿದ್ದಕ್ಕಿಂತ ಕಡಿಮೆ ಇದ್ದರಷ್ಟೇ ಅಲ್ಲ, ವ್ಯಾಪಾರಿ ಹೇಳಿಕೊಂಡಿದ್ದಕ್ಕಿಂತ ಕಡಿಮೆ ಇದ್ದರೂ ಅದು ದೋಷವೇ. ಹರಿದಿಲ್ಲ, ಬಣ್ಣ ಬಿಟ್ಟಿಲ್ಲ, ನೋಡಲು ಚೆನ್ನಾಗಿಯೇ ಇದೆ; ಆದರೆ ರೇಷ್ಮೆ ಎಂದು ಕೊಟ್ಟಿದ್ದು ರೇಷ್ಮೆಯಲ್ಲ. ಇದೂ ದೋಷವಿರುವ ಮಾಲೇ.

ಅಂಗಡಿಯವರು ಹೇಳಿಕೊಂಡದ್ದು ಏನು ಎಂಬುದಕ್ಕೆ ಸಾಕ್ಷಿ ಎಲ್ಲಿದೆ? ಬಿಲ್ಲಿನ ನಡುವಿನ ಸಾಲಿನಲ್ಲಿ. ಕೊನೆಯ ಸಾಲಿಗೆ ಹೆದರುವ ನಾವು ಅದನ್ನು ಓದುವುದೇ ಇಲ್ಲ. ಹದಿನೆಂಟು ಸಾವಿರದ ಸೀರೆಗೆ ಬಿಲ್ಲಿನಲ್ಲಿ ‘ಸ್ಯಾರಿ – 1’ ಎಂದಷ್ಟೇ ಇರುತ್ತದೆ. ಮುಂದೆ ಜಗಳವಾದರೆ ‘ನಾವು ಪ್ಯೂರ್ ಸಿಲ್ಕ್ ಅಂತ ಎಲ್ಲಿ ಹೇಳಿದ್ದೇವೆ?’ ಎಂಬ ಒಂದೇ ಪ್ರಶ್ನೆಗೆ ಪ್ರಕರಣ ಅರ್ಧ ಸೋತಂತೆ. ಹಾಗಾಗಿ ‘ಶುದ್ಧ ರೇಷ್ಮೆ, ಕೈಮಗ್ಗ, ಇಂಥ ಜರಿ, ಇಷ್ಟು ಮೀಟರ್’ ಎಂದು ಬಿಲ್ಲಿನಲ್ಲಿ ಬರೆಸಬೇಕು. ಬರೆಯಲು ಹಿಂದೇಟು ಹಾಕಿದರೆ ಉತ್ತರ ಅಲ್ಲೇ ಸಿಕ್ಕಿತು.

ದೊಡ್ಡ ಮಳಿಗೆಗಳ ಬಿಲ್ಲಿನಲ್ಲಿ ಇನ್ನೊಂದು ಸುಳಿವು ತಾನಾಗಿ ಸಿಗುತ್ತದೆ. ಜಿಎಸ್‌ಟಿಗಾಗಿ ಹಾಕುವ, ಮಾಲು ಯಾವ ಬಗೆಯದೆಂದು ಹೇಳುವ ಎಚ್‌ಎಸ್‌ಎನ್ ಸಂಖ್ಯೆ. ರೇಷ್ಮೆಯಿಂದ ನೇಯ್ದ ಬಟ್ಟೆಗೆ 5007, ತೆಳು ಹತ್ತಿ ಬಟ್ಟೆಗೆ 5208, ಪಾಲಿಯೆಸ್ಟರಿನಂಥ ಕೃತಕ ಎಳೆಯ ಬಟ್ಟೆಗೆ 5407, ರೇಯಾನ್ ಎಳೆಯ ಬಟ್ಟೆಗೆ 5408. ಬಾಯಲ್ಲಿ ರೇಷ್ಮೆ, ಬಿಲ್ಲಿನಲ್ಲಿ 5407 ಎಂದಿದ್ದರೆ ಅಂಗಡಿಯವರು ತೆರಿಗೆ ಇಲಾಖೆಗೆ ನಿಜ ಹೇಳಿದ್ದಾರೆ, ನಿಮಗೆ ಹೇಳಿಲ್ಲ ಎಂದೇ ಲೆಕ್ಕ.

‘ಎಸ್ಟಿಮೇಟ್’ ಎಂದು ಬರೆದ ಬಿಳಿ ಚೀಟಿ ಬಿಲ್ ಅಲ್ಲ. ‘ಬಿಲ್ ಬೇಡ ಅಂದ್ರೆ ಟ್ಯಾಕ್ಸ್ ಉಳಿಯುತ್ತೆ’ ಎಂಬ ಆಮಿಷಕ್ಕೆ ಒಪ್ಪುವವರು ಸೀರೆಯ ಮೇಲಿನ ಶೇ 5 ತೆರಿಗೆ ಉಳಿಸಲು ಹೋಗಿ ಉಳಿದ ಹಕ್ಕನ್ನೆಲ್ಲ ಅಂಗಡಿಯಲ್ಲೇ ಬಿಟ್ಟು ಬರುತ್ತಾರೆ. 200 ರೂಪಾಯಿಗಿಂತ ಕಡಿಮೆಯ ವ್ಯಾಪಾರಕ್ಕೂ ಗಿರಾಕಿ ಕೇಳಿದರೆ ಜಿಎಸ್‌ಟಿ ನೋಂದಣಿ ಇರುವ ಅಂಗಡಿ ಬಿಲ್ ಕೊಡಲೇಬೇಕು. ಇನ್ನೊಂದು ಸಣ್ಣ ವಿಷಯ: ಈಗಿನ ಬಿಲ್ಲುಗಳು ಶಾಖದಿಂದ ಅಚ್ಚಾಗುವ ನುಣುಪು ಕಾಗದದವು, ಬೀರುವಿನಲ್ಲಿಟ್ಟ ಕೆಲವು ತಿಂಗಳಲ್ಲೇ ಬೆಳ್ಳಗಾಗುತ್ತವೆ. ಕೊಂಡ ದಿನವೇ ಫೋನಿನಲ್ಲಿ ಫೋಟೊ ತೆಗೆದಿಡಬೇಕು. ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ ಎನ್ನುವ ಕೌಂಟರುಗಳೂ ಇವೆ. ಹಾಗೆ ಒತ್ತಾಯಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇನಲ್ಲೇ ಸೂಚಿಸಿದೆ.

ರೇಷ್ಮೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮದುವೆ ಜವಳಿಯಲ್ಲಿ ಹೆಚ್ಚು ದುಡ್ಡು ಹೋಗುವುದು ಇಲ್ಲೇ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುದ್ಧ ರೇಷ್ಮೆಗೆ ಹಚ್ಚುವ ‘ಸಿಲ್ಕ್ ಮಾರ್ಕ್’ ಚೀಟಿ ಶುರು ಮಾಡಿತು. ಪ್ರತಿ ಚೀಟಿಯ ಮೇಲೂ ಹಾಲೋಗ್ರಾಂ ಮತ್ತು ಅದರದ್ದೇ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಬರೆಸಿ. ಅಂಗಡಿಯ ಗೋಡೆಗೆ ತೂಗುಹಾಕಿದ ಸಿಲ್ಕ್ ಮಾರ್ಕ್ ಸದಸ್ಯತ್ವದ ಫಲಕದಿಂದ ಒಳಗಿನ ಪ್ರತಿ ಸೀರೆಯೂ ರೇಷ್ಮೆಯಾಗುವುದಿಲ್ಲ. ಚೀಟಿ ಸೀರೆಗೆ ಇರಬೇಕು. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಸಿಲ್ಕ್ ಮಾರ್ಕ್ ಹೇಳುವುದು ಎಳೆ ರೇಷ್ಮೆ ಎಂದಷ್ಟೇ. ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ, ಜರಿ ಎಂಥದ್ದು ಎಂಬುದನ್ನು ಅದು ಹೇಳುವುದಿಲ್ಲ. ಕೈಮಗ್ಗಕ್ಕೆ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಬೇರೆ ಚೀಟಿ ಇದೆ.

ಸುಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು, ಆದರೆ ಅರ್ಧ ಮಾತ್ರ ಗೊತ್ತು. ಸೆರಗಿನ ಕುಚ್ಚಿನಿಂದ ಎರಡು ಎಳೆ ಕಿತ್ತು ಸುಟ್ಟು, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಎಂದು ನಿಶ್ಚಿಂತರಾಗುತ್ತಾರೆ. ಕುಚ್ಚಿನಲ್ಲಿರುವುದು ಹಾಸಿನ, ಅಂದರೆ ಉದ್ದಕ್ಕೆ ಓಡುವ ಎಳೆ ಮಾತ್ರ. ಹಾಸು ರೇಷ್ಮೆ, ಹೊಕ್ಕು (ಅಡ್ಡ ಎಳೆ) ಪಾಲಿಯೆಸ್ಟರ್ ಇರುವ ಸೀರೆ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ರವಿಕೆ ತುಂಡಿನ ಕತ್ತರಿಸಿದ ಬದಿಯಿಂದ ಹಾಸಿನ ಎಳೆಯನ್ನೂ ಅಡ್ಡ ಬರುವ ಹೊಕ್ಕಿನ ಎಳೆಯನ್ನೂ ಬೇರೆ ಬೇರೆ ತೆಗೆದು ಸುಡಬೇಕು. ರೇಷ್ಮೆ ನಿಧಾನ ಉರಿದು, ಬೆಂಕಿ ತೆಗೆದ ಕೂಡಲೇ ಆರಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕಪ್ಪು ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಮತ್ತು ರೇಯಾನ್ ಎರಡೂ ಕಾಗದ ಸುಟ್ಟಂತೆ ನಾರುತ್ತವೆ, ಹಾಗಾಗಿ ಅವೆರಡರ ನಡುವಿನ ವ್ಯತ್ಯಾಸವನ್ನು ಬೆಂಕಿ ಹೇಳಲಾರದು. ‘ಆರ್ಟ್ ಸಿಲ್ಕ್’ ಎಂದರೆ ಕಲಾತ್ಮಕ ರೇಷ್ಮೆ ಅಲ್ಲ, ಕೃತಕ ರೇಷ್ಮೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಜರಿಯಲ್ಲಿ ಭಾಷೆಯೇ ಮೋಸ. ‘ಟೆಸ್ಟೆಡ್ ಜರಿ ಮೇಡಂ’ ಎಂದರೆ ಪರೀಕ್ಷೆ ಮಾಡಿ ಪಾಸಾದ ಜರಿ ಎಂದು ಕೇಳಿದವರು ತಿಳಿಯುತ್ತಾರೆ. ಜವಳಿ ವ್ಯಾಪಾರದಲ್ಲಿ ಆ ಹೆಸರು ಇರುವುದು ತಾಮ್ರದ ತಂತಿಗೆ ಮೇಲೆ ಲೇಪ ಕೊಟ್ಟ ನಕಲಿ ಜರಿಗೆ. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಮೈಸೂರು ರೇಷ್ಮೆ ಸೀರೆ ನೇಯುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಎಂದು ಲೆಕ್ಕ ಕೊಡುತ್ತದೆ. ಹಾಗೆ ಅಂಕಿ ಕೊಡುವ ಅಂಗಡಿ ಎಷ್ಟಿದೆ? ಜರಿಯನ್ನು ಉಗುರಿನಿಂದ ಕೆರೆದಾಗ ಒಳಗೆ ಕೆಂಪು ಎಳೆ ಕಂಡರೆ ಅಸಲಿ ಎನ್ನುವ ರೂಢಿಯನ್ನು ಈಗ ನಂಬುವಂತಿಲ್ಲ, ನಕಲಿ ಜರಿಯೊಳಗೂ ಕೆಂಪು ದಾರ ಇಡುತ್ತಾರೆ. ನಕಲಿ ಜರಿ ಮಾರುವುದು ಅಪರಾಧವಲ್ಲ. ಅದನ್ನು ಅಸಲಿಯ ಬೆಲೆಗೆ, ಹೆಸರು ಮರೆಸಿ ಮಾರುವುದು ತಪ್ಪು. ಅದು ವರ್ಷ ಕಳೆಯುವಷ್ಟರಲ್ಲಿ ಕಪ್ಪಾದಾಗ ಬಿಲ್ಲಿನಲ್ಲಿ ಜರಿಯ ಮಾತೇ ಇಲ್ಲದಿದ್ದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಇಳಕಲ್ ಸೀರೆಗೆ ಕಣ್ಣಲ್ಲೇ ಕಾಣುವ ಗುರುತಿದೆ. ಕೈಮಗ್ಗದಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಹೂಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಟೋಪ್ ತೆನಿ ಎನ್ನುವುದು ಇದನ್ನೇ. ಮೈ ಮುಗಿದು ಸೆರಗು ಶುರುವಾಗುವ ಗೆರೆಯನ್ನು ಹಿಂಬದಿಯಿಂದ ನೋಡಿದರೆ ಆ ಕೊಂಡಿಗಳು ಕಾಣುತ್ತವೆ. ಅವಿಲ್ಲದೆ ಒಂದೇ ಹಾಸು ಉದ್ದಕ್ಕೂ ಸಾಗಿದ್ದರೆ ಅದನ್ನು ಇಳಕಲ್ ಮಾದರಿ ಎನ್ನಬಹುದು, ಕೈಮಗ್ಗದ ಇಳಕಲ್ ಎನ್ನಲಾಗದು.

ರೆಡಿಮೇಡ್ ಬಟ್ಟೆಯಲ್ಲಿ ನೋಡಬೇಕಾದದ್ದು ಕಡಿಮೆ. ಬಿಡಿಯಾಗಿ ತೂಗುಹಾಕಿ ಮಾರುವ ಸಿದ್ಧ ಉಡುಪಿಗೆ, ಪೊಟ್ಟಣದ ಮೇಲೆ ಏನೇನು ಬರೆಯಬೇಕು ಎನ್ನುವ ಕಾನೂನು ಮಾಪನ ನಿಯಮಗಳಲ್ಲಿ 2022ರಿಂದ ಸಡಿಲಿಕೆ ಇದೆ, ಆದರೂ ನಾಲ್ಕು ವಿವರ ಇರಲೇಬೇಕು: ತಯಾರಕ ಅಥವಾ ಮಾರಾಟಗಾರರ ಹೆಸರು ವಿಳಾಸ (ಹೊರದೇಶದ ಮಾಲಾದರೆ ಯಾವ ದೇಶ ಎಂದು), ದೂರಿಗೆ ಫೋನ್ ಮತ್ತು ಇಮೇಲ್, ಎಸ್–ಎಂ–ಎಲ್ ಅಳತೆಯ ಜೊತೆ ಅದು ಎಷ್ಟು ಸೆಂಟಿಮೀಟರ್ ಎಂಬುದು, ಮತ್ತು ಎಂಆರ್‌ಪಿ. ಸೆಂಟಿಮೀಟರ್ ಬಹಳ ಮುಖ್ಯ. ಒಂದು ಕಂಪನಿಯ ‘ಎಲ್’ ಇನ್ನೊಂದರ ‘ಎಂ’ಗೆ ಸಮ ಇರುವುದುಂಟು. ಮನೆಯಿಂದ ಎದೆಯ, ಸೊಂಟದ ಅಳತೆ ಬರೆದುಕೊಂಡು ಹೋದರೆ ಟ್ರಯಲ್ ರೂಮಿನ ಮುಂದೆ ಸಾಲು ನಿಲ್ಲುವುದು ಅರ್ಧ ತಪ್ಪುತ್ತದೆ.

ಬೆಲೆಯ ವಿಷಯ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. 1,999 ರೂಪಾಯಿ ಎಂಆರ್‌ಪಿಯ ಅಂಗಿಗೆ ‘ಶೇ 50 ರಿಯಾಯಿತಿ’ ಎಂದರೆ ಕೊಡಬೇಕಾದದ್ದು 999.50. ಅದರ ಮೇಲೆ ಮತ್ತೆ ಶೇ 5 ಜಿಎಸ್‌ಟಿ ಸೇರಿಸಿ 1,049.48 ಕೇಳುವ ಚಾಳಿ ಇದೆ. ‘ಎಂಆರ್‌ಪಿ ದಾಟಿಲ್ಲವಲ್ಲ’ ಎಂಬುದು ಅವರ ಸಮರ್ಥನೆ. ಹೀಗೆ ರಿಯಾಯಿತಿ ಬೆಲೆಯ ಮೇಲೆ ಬೇರೆಯಾಗಿ ತೆರಿಗೆ ವಸೂಲಿ ಮಾಡುವುದು ಅನುಚಿತ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ, ಜಿಎಸ್‌ಟಿಗೂ ಮೊದಲಿನ ವ್ಯಾಟ್ ತೆರಿಗೆ ಕಾಲದ ಒಂದು ಪ್ರಕರಣದಲ್ಲಿ ಹೇಳಿದೆ. ದರವೂ ತಿಳಿದಿರಲಿ: 2025ರ ಸೆಪ್ಟೆಂಬರ್ 22ರಿಂದ ಒಂದಕ್ಕೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಮೇಲಿನದಕ್ಕೆ ಶೇ 18. ಇನ್ನು ಕೈಚೀಲ. ಚೀಲಕ್ಕೆ ದುಡ್ಡು ಎಂದು ಮೊದಲೇ ತಿಳಿಸದೆ, ಬಟ್ಟೆ ಆರಿಸಿ ಕೌಂಟರಿಗೆ ಬಂದ ಮೇಲೆ ಹತ್ತಿಪ್ಪತ್ತು ರೂಪಾಯಿ ಸೇರಿಸುವುದು ತಪ್ಪು ಎಂದು ಅದೇ ಆಯೋಗ 2020ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಮನೆಯಿಂದ ಚೀಲ ಒಯ್ದರೆ ಜಗಳವೇ ಇಲ್ಲ, ಅದು ಬೇರೆ ಮಾತು.

ಅಳತೆ ಹಾಕಿ ಕೊಡುವ ಬಟ್ಟೆಯಲ್ಲಿ ‘ಗಜ’ದ ಆಟ ಇನ್ನೂ ನಿಂತಿಲ್ಲ. ಒಂದು ಗಜ ಎಂದರೆ 91.44 ಸೆಂ.ಮೀ. ಮೀಟರಿನ ದರ ಹೇಳಿ ಗಜದಲ್ಲಿ ಅಳೆದರೆ ಪ್ರತಿ ಮೀಟರಿಗೂ ಎಂಟೂವರೆ ಸೆಂ.ಮೀ. ಖೋತಾ, ಹತ್ತು ಮೀಟರ್ ಪರದೆ ಬಟ್ಟೆಯಲ್ಲಿ ಮುಕ್ಕಾಲು ಮೀಟರಿಗೂ ಮಿಕ್ಕಿ ಹೋಯಿತು. ಮೀಟರ್ ಕೋಲಿನ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಮೇಜಿನ ಅಂಚಿಗೆ ಮೊಳೆ ಹೊಡೆದು ಮಾಡಿಕೊಂಡ ಗುರುತು ಅಳತೆಯಲ್ಲ. ಬಟ್ಟೆಯನ್ನು ಜಗ್ಗಿ ಅಳೆಯುವುದನ್ನೂ ತಡೆಯಬೇಕು, ಹಿಗ್ಗುವ ಬಟ್ಟೆಯಲ್ಲಂತೂ.

ಇನ್ನು ಕೊಳ್ಳುವವರ ಕಡೆಯ ಮಾತು. ಹಕ್ಕು ಹೆಚ್ಚಾಗಿ ಕೈತಪ್ಪುವುದು ಅಂಗಡಿಯಲ್ಲಲ್ಲ, ಮನೆಯಲ್ಲಿ. ತಂದ ಸೀರೆಯನ್ನು ಬಿಚ್ಚಿಯೂ ನೋಡದೆ ಫಾಲ್, ಕುಚ್ಚು, ರವಿಕೆ ಎಂದು ಟೈಲರಿಗೆ ಕೊಟ್ಟುಬಿಡುತ್ತಾರೆ. ನಡುವೆ ನೇಯ್ಗೆ ಹರಿದಿರುವುದು ಉಡುವ ದಿನ ಕಾಣುತ್ತದೆ. ಕತ್ತರಿ ಬಿದ್ದ ಮೇಲೆ ದೋಷ ಮೊದಲೇ ಇತ್ತೆಂದು ಸಾಧಿಸುವುದು ಬಲು ಕಷ್ಟ. ತಂದ ದಿನವೇ ಪೂರ್ತಿ ಬಿಚ್ಚಿ, ಬೆಳಕಿಗೆ ಹಿಡಿದು, ಸೆರಗಿನಿಂದ ತುದಿಯವರೆಗೆ ನೋಡಿ, ಉದ್ದ ಅಳೆಯಬೇಕು. ರವಿಕೆ ಸೇರಿದ ಸೀರೆ ಸಾಮಾನ್ಯವಾಗಿ 6.2ರಿಂದ 6.3 ಮೀಟರ್ ಇರುತ್ತದೆ. ಬಣ್ಣಕ್ಕೆ ಸುಲಭ ಪರೀಕ್ಷೆ: ಬಿಳಿ ಹತ್ತಿಯ ಕರವಸ್ತ್ರ ಒದ್ದೆ ಮಾಡಿ ಹಿಂಡಿ, ಒಳಮಡಿಕೆಯಲ್ಲಿ ಹತ್ತು ಸಲ ಉಜ್ಜುವುದು. ಕಡುಗೆಂಪು, ಕಡುನೀಲಿ, ಕಪ್ಪು ಬಣ್ಣಕ್ಕೆ ಇದನ್ನು ಮರೆಯಬಾರದು. ಕರವಸ್ತ್ರಕ್ಕೆ ಗಾಢವಾಗಿ ಹತ್ತಿದರೆ ನೀರಿಗೆ ಹಾಕುವ ಮೊದಲೇ ಅಂಗಡಿಗೆ ಹೋಗಿ.

ಒಗೆಯುವ ಗುರುತುಗಳನ್ನು ಓದದೆ ಹಾಳು ಮಾಡಿಕೊಂಡು ಅಂಗಡಿಯವರನ್ನು ದೂರುವುದೂ ನಡೆಯುತ್ತದೆ. ನೀರಿನ ತೊಟ್ಟಿಯ ಚಿತ್ರಕ್ಕೆ ಅಡ್ಡಗೀಟು ಇದ್ದರೆ ನೀರಿನಲ್ಲಿ ಒಗೆಯಬಾರದು, ತ್ರಿಕೋನಕ್ಕೆ ಗೀಟು ಇದ್ದರೆ ಬ್ಲೀಚ್ ಬೇಡ, ಚೌಕದೊಳಗಿನ ವೃತ್ತಕ್ಕೆ ಗೀಟು ಇದ್ದರೆ ಯಂತ್ರದಲ್ಲಿ ಒಣಗಿಸಬಾರದು, ಬರೀ ವೃತ್ತ ಎಂದರೆ ಡ್ರೈಕ್ಲೀನ್, ಇಸ್ತ್ರಿ ಪೆಟ್ಟಿಗೆಯೊಳಗಿನ ಚುಕ್ಕಿ ಹೆಚ್ಚಾದಷ್ಟೂ ಹೆಚ್ಚು ಬಿಸಿ. ಹತ್ತಿ ಬಟ್ಟೆ ಕುಗ್ಗುವುದು ಅದರ ಗುಣ. ಹೊಲಿಯುವ ಮೊದಲು ನೆನೆಸಿ ಒಣಗಿಸಬೇಕಾದದ್ದು ನಮ್ಮ ಕೆಲಸ. ಕೈಮಗ್ಗದ ಸೀರೆಯ ಎರಡೂ ಅಂಚಿನಲ್ಲಿ ಸಣ್ಣ ಸೂಜಿ ತೂತುಗಳ ಸಾಲು, ಅಲ್ಲೊಂದು ಇಲ್ಲೊಂದು ಗಂಟು ಇದ್ದರೆ ಅದು ಕೈಯಲ್ಲಿ ನೇಯ್ದದ್ದರ ಗುರುತೇ ಹೊರತು ದೋಷವಲ್ಲ. ಟ್ಯಾಗ್ ಒಳಗೆ ಮಡಚಿ ಆರತಕ್ಷತೆಗೆ ಉಟ್ಟು, ಮರುದಿನ ‘ಸೈಜ್ ಆಗಲಿಲ್ಲ’ ಎಂದು ಮರಳಿಸುವವರ ಬಗ್ಗೆ ಏನು ಹೇಳುವುದು? ಅವರಿಂದಲೇ ನಿಜವಾದ ದೂರು ತಂದವರನ್ನೂ ಅಂಗಡಿಯವರು ಅನುಮಾನದಿಂದ ನೋಡುವಂತಾಗಿದೆ.

ದೋಷ ಕಂಡರೆ ಮಾಡಬೇಕಾದದ್ದು ಇಷ್ಟು. ಒಗೆಯಬೇಡಿ, ಹೊಲಿಸಬೇಡಿ, ಟ್ಯಾಗ್ ಕೀಳಬೇಡಿ. ದೋಷ, ಟ್ಯಾಗ್, ಬಿಲ್ ಮೂರರ ಫೋಟೊ ತೆಗೆಯಿರಿ. ಅಂಗಡಿಗೆ ಬಾಯಲ್ಲಿ ಹೇಳಿದ್ದನ್ನು ಅದೇ ದಿನ ವಾಟ್ಸ್‌ಆ್ಯಪ್ ಅಥವಾ ಇಮೇಲಿನಲ್ಲಿ ಬರೆದು ಕಳಿಸಿ. 30 ದಿನದೊಳಗೆ ದೂರಿದ್ದೀರಿ ಎಂಬುದಕ್ಕೆ ಅದೇ ಆಧಾರ. ಬಟ್ಟೆಯನ್ನು ಅಂಗಡಿಯಲ್ಲಿ ಬಿಟ್ಟು ಬರುವುದಾದರೆ ಸ್ವೀಕೃತಿ ಬರೆಸಿಕೊಳ್ಳದೆ ಬಿಡಬೇಡಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ದೂರು ದಾಟಿಸಿ ಉತ್ತರ ತರಿಸುತ್ತಾರೆ. ದೊಡ್ಡ ಬ್ರಾಂಡುಗಳ ಜಗಳ ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಹದಿನೈದು ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ದಾಖಲಿಸಬೇಕು, ಇ-ಜಾಗೃತಿ ಜಾಲತಾಣದಲ್ಲಿ ಕೂತಲ್ಲಿಂದಲೇ ಸಲ್ಲಿಸಬಹುದು. ಅಂಗಡಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಉಡುಗೊರೆಯಾಗಿ ಬಂದ ಸೀರೆಯಾದರೆ, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಹೆಚ್ಚು ದೂರುಗಳು ಎಡವುವುದು ಹೆಸರಿನಲ್ಲಿ. ಬೋರ್ಡಿನ ಮೇಲೆ ಒಂದು ಹೆಸರು, ನೋಂದಣಿ ಇನ್ನೊಂದು ಹೆಸರಲ್ಲಿ. ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಅಸಲಿ ಹೆಸರು ಸಿಗುತ್ತದೆ. ಎಳೆ ಯಾವುದೆಂಬ ತಕರಾರಿದ್ದರೆ ಆಯೋಗವೇ ಮಾದರಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುವಂತೆ ಕೇಳಿಕೊಳ್ಳಿ. ಆ ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ. ಪರೀಕ್ಷೆ ಬೇಡದ ದೂರನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವ ಇನ್ನೂ ನಿಧಾನ.

ಆನ್‌ಲೈನ್ ಖರೀದಿಗೆ 2020ರ ಇ-ವಾಣಿಜ್ಯ ನಿಯಮಗಳಿವೆ. ದೋಷವಿದ್ದರೆ, ಚಿತ್ರದಲ್ಲಿ ತೋರಿಸಿದಂತೆ ಇಲ್ಲದಿದ್ದರೆ ಮರಳಿ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ದೂರು ಅಧಿಕಾರಿ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಪಾರ್ಸೆಲ್ಲಿನ ವಿಳಾಸ ಚೀಟಿ ಕಾಣುವಂತೆ, ಎಲ್ಲೂ ನಿಲ್ಲಿಸದೆ, ಬಿಚ್ಚುವುದನ್ನು ವಿಡಿಯೊ ಮಾಡಿಡಿ. ಇನ್‌ಸ್ಟಾಗ್ರಾಂ ರೀಲ್ಸ್ ನೋಡಿ, ವಿಳಾಸವೂ ಜಿಎಸ್‌ಟಿ ಸಂಖ್ಯೆಯೂ ಇಲ್ಲದವರಿಗೆ ಮುಂಗಡ ಹಾಕಿದರೆ ಮಾತ್ರ ಯಾವ ನಿಯಮವೂ ಸುಲಭಕ್ಕೆ ನೆರವಿಗೆ ಬಾರದು. ನೋಟಿಸ್ ಕಳಿಸುವುದಕ್ಕೇ ವಿಳಾಸವಿಲ್ಲ.

ಕೊನೆಗೆ, ಸಂಪಾದಕರೇ, ನಿಮ್ಮಲ್ಲೇ ಒಂದು ವಿನಂತಿ. ಹಬ್ಬದ ಹಿಂದುಮುಂದಿನ ಪುಟಪುಟದ ಜವಳಿ ಜಾಹೀರಾತುಗಳಲ್ಲಿ ‘ಶೇ 70ರವರೆಗೆ ರಿಯಾಯಿತಿ’ ಎಂಬುದು ಅಂಗೈಯಗಲದ ಕನ್ನಡ ಅಕ್ಷರದಲ್ಲಿರುತ್ತದೆ, ಷರತ್ತುಗಳು ಇರುವೆ ಗಾತ್ರದ ಇಂಗ್ಲಿಷಿನಲ್ಲಿರುತ್ತವೆ. ದಾರಿತಪ್ಪಿಸುವ ಜಾಹೀರಾತು ತಡೆಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಷರತ್ತು ಕೂಡ ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ ಇರಬೇಕು. ನಿಮ್ಮ ಜಾಹೀರಾತು ವಿಭಾಗ ಅಚ್ಚಿಗೆ ಕಳಿಸುವ ಮೊದಲು ಇದೊಂದನ್ನು ನೋಡಿದರೆ, ಶೇ 70 ಯಾವ ಮೂಲೆಯ ಯಾವ ಹಳೆ ದಾಸ್ತಾನಿಗೆ ಎಂಬುದು ಓದುಗರಿಗೆ ಬಸ್ ಹತ್ತುವ ಮೊದಲೇ ತಿಳಿಯುತ್ತದೆ.

– ಗ್ರಾಹಕ ಹಿತರಕ್ಷಣಾ ಕಾರ್ಯಕರ್ತರು, ದಾವಣಗೆರೆ